ನಿಮಗಿದು ಗೊತ್ತೆ? ಪೊರೆ ಹಣ್ಣಾಗಲೆಂದು ಕಾಯಬೇಕಿಲ್ಲ

ಶಂಕರಪುರ ಮಲ್ಲಿಗೆಯ ಬಿಳುಪು ಹಳದಿಯಾಗಿ ಕಂಡರೆ, ಕಾಪು ಕಡಲಿನ ನೀಲಿ ಮಾಸಿದರೆ ಅದು ಕಣ್ಣಿನ ಪೊರೆ ಇರಬಹುದು. ಕಣ್ಣೊಳಗಿನ ಮಸೂರ ವಯಸ್ಸಾದಂತೆ ಮಂಜಾಗುತ್ತದೆ, ಹಳದಿಗೆ ತಿರುಗುತ್ತದೆ. ಅದನ್ನು ಕರಗಿಸುವ ಔಷಧವಿಲ್ಲ, ಶಸ್ತ್ರಚಿಕಿತ್ಸೆಯೊಂದೇ ದಾರಿ.

‘ಪೊರೆ ಹಣ್ಣಾಗಲಿ’ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಅದು ಹಳೆಯ ಕಾಲದ್ದು. ಬಲಿತು ಗಟ್ಟಿಯಾದ ಪೊರೆಯನ್ನು ತೆಗೆಯುವುದೇ ಹೆಚ್ಚು ಕಷ್ಟ.

ಸಾಮಾನ್ಯವಾಗಿ ಹನಿ ಹಾಕಿ ಕಣ್ಣನ್ನು ಮರಗಟ್ಟಿಸುತ್ತಾರೆ. ಎರಡು ಮೂರು ಮಿಲಿಮೀಟರ್ ಸೀಳಿನ ಮೂಲಕ ಪೊರೆಯನ್ನು ಪುಡಿಮಾಡಿ ಹೀರಿ, ಮಡಚಿದ ಕೃತಕ ಮಸೂರವನ್ನು ಒಳಗೆ ಬಿಡಿಸುತ್ತಾರೆ. ಬಹುಪಾಲು ಹೊಲಿಗೆ ಬೇಕಾಗದು. ಅರ್ಧ ಗಂಟೆಯೊಳಗಿನ ಕೆಲಸ, ಹೆಚ್ಚಿನವರು ಅಂದೇ ಮನೆಗೆ. ಕಣ್ಣಿಗೆ ಕೃತಕ ಮಸೂರವನ್ನು ಮೊದಲು ಕೂರಿಸಿದವರು ಲಂಡನ್ನಿನ ಹೆರಾಲ್ಡ್ ರಿಡ್ಲೆ, 1949ರಲ್ಲಿ. ನಮ್ಮಲ್ಲಿ ಹಳ್ಳಿಹಳ್ಳಿಗೆ ನೇತ್ರ ಶಿಬಿರ ಒಯ್ದ ಪುಣ್ಯಾತ್ಮ ಡಾ. ಎಂ.ಸಿ. ಮೋದಿ.

ಶಸ್ತ್ರಚಿಕಿತ್ಸೆಯ ಬಳಿಕ ಮೊದಲ ದಿನಗಳಲ್ಲಿ ಕಣ್ಣು ಕರಕರ ಎನ್ನುವುದು, ನೀರು ಬರುವುದು ಸಹಜ. ಓದಲು ಕನ್ನಡಕ ಬೇಕಾಗಬಹುದು. ಕೆಲವು ವಾರ ಹನಿ ತಪ್ಪಿಸಬಾರದು, ಕಣ್ಣು ಉಜ್ಜಬಾರದು, ವೈದ್ಯರು ಹೇಳುವವರೆಗೆ ತಲೆಸ್ನಾನ, ಕೆರೆ-ಕಡಲಿನ ಈಜು ಬೇಡ. ತಿಂಗಳು, ವರ್ಷಗಳ ಬಳಿಕ ಮತ್ತೆ ಮಂಜಾದರೆ ಹೆದರಬೇಡಿ: ಮಸೂರದ ಹಿಂದಿನ ಪದರ ಮಬ್ಬಾಗಿದ್ದರೆ ಲೇಸರ್‌ನಿಂದ ನಿಮಿಷಗಳಲ್ಲಿ ಸರಿಯಾಗುತ್ತದೆ.

ಆದರೆ ನೋವು, ಕೆಂಪು ಹೆಚ್ಚಿ ದೃಷ್ಟಿ ಕುಗ್ಗಿದರೆ ಬೆಳಗಾಗಲೆಂದು ಕಾಯಬೇಡಿ. ಕಾರ್ಕಳವಿರಲಿ, ಮಣಿಪಾಲವಿರಲಿ, ಆ ಗಳಿಗೆಯೇ ಕಣ್ಣಿನ ವೈದ್ಯರ ಬಳಿ ಹೋಗಿ.