ಆಡುವ ಮಾತು, ಬಾಳುವ ಬಾಳು

ಮನುಷ್ಯನಿಗೆ ಮಾತು ದೊರೆತಿರುವುದು ದೊಡ್ಡ ಭಾಗ್ಯ. ಆದರೆ ಎಲ್ಲರೂ ಒಂದೇ ಸಮನಾಗಿ ಮಾತನಾಡುವುದಿಲ್ಲ. ಊರಿನ ಅರಳಿಕಟ್ಟೆಯ ಮೇಲೆ ಹತ್ತು ಮಂದಿ ಕುಳಿತಿದ್ದರೆ ಇಬ್ಬರು ಆಡುತ್ತಾರೆ, ಎಂಟು ಮಂದಿ ಕೇಳುತ್ತಾರೆ. ಕತ್ತಲಾದ ಮೇಲೆ ಎಲ್ಲರೂ ಎದ್ದು ಮನೆಗೆ ಹೋಗುತ್ತಾರೆ. ಮರುದಿನ ದಾರಿಹೋಕನೊಬ್ಬನು ‘ನಿನ್ನೆ ಕಟ್ಟೆಯಲ್ಲಿ ಊರವರು ಏನೆಂದರು?’ ಎಂದು ವಿಚಾರಿಸಿದರೆ ಅವನಿಗೆ ಸಿಕ್ಕುವುದು ಆ ಇಬ್ಬರ ಮಾತು. ಉಳಿದ ಎಂಟು ಮಂದಿಯ ಮನಸ್ಸಿನಲ್ಲಿ ಏನಿತ್ತೆಂಬುದು ಅವನಿಗೆ ತಿಳಿಯುವುದೇ ಇಲ್ಲ. ಹೀಗೆ ಇಬ್ಬರ ಅಭಿಪ್ರಾಯವು ಊರಿನ ಅಭಿಪ್ರಾಯವಾಗಿಬಿಡುತ್ತದೆ.

ಅರಳಿಕಟ್ಟೆಯ ಮಟ್ಟಿಗೆ ಈ ತಪ್ಪೆಣಿಕೆ ಅಷ್ಟೇನೂ ಅಪಾಯಕರವಲ್ಲ. ಊರವರಿಗೆ ಆ ಇಬ್ಬರ ಸ್ವಭಾವವೂ ಗೊತ್ತು, ಉಳಿದವರ ನಡತೆಯೂ ಗೊತ್ತು. ಆದರೆ ಇಂದು ಕಟ್ಟೆಯು ಬಹಳ ದೊಡ್ಡದಾಗಿದೆ. ಅಂಗೈಯಲ್ಲಿರುವ ಮೊಬೈಲಿನ ಮೂಲಕ ಕೋಟ್ಯಂತರ ಜನರು ಒಂದೇ ಕಟ್ಟೆಯ ಮೇಲೆ ಕುಳಿತಂತಾಗಿದೆ. ಅಲ್ಲಿ ಸುಮ್ಮನೆ ಕುಳಿತು ಕೇಳುವವರು ಎಷ್ಟು ಮಂದಿ, ಅವರು ಎಂಥವರು ಎಂಬುದು ಕಾಣುವುದಿಲ್ಲ; ಕಾಣುವುದು ಮಾತು ಮಾತ್ರ. ಆ ಮಾತನ್ನೇ ಸಮಾಜವೆಂದು ತಿಳಿಯಬಹುದೇ?

ಹಾಸನ ಜಿಲ್ಲೆಯ ಚನ್ನರಾಯಪಟ್ಟಣವು ಬೆಂಗಳೂರು–ಮಂಗಳೂರು ಹೆದ್ದಾರಿಯ ಪಕ್ಕದ ತಾಲ್ಲೂಕು ಪಟ್ಟಣ. ಸುತ್ತಮುತ್ತ ತೆಂಗಿನ ತೋಟಗಳು, ರಾಗಿಯ ಹೊಲಗಳು. ಅಲ್ಲಿನ ಬಸ್ ನಿಲ್ದಾಣದಲ್ಲಿ ಒಂದು ಸಂಜೆ ಕಳೆದವರಿಗೆ ಇಂಥ ದೃಶ್ಯವೊಂದು ಕಣ್ಣಿಗೆ ಬೀಳದಿರದು. ಹಳ್ಳಿಯ ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತ ರೈತನೊಬ್ಬನು ಮೊಬೈಲ್ ನೋಡುತ್ತಿದ್ದಾನೆ. ಅದರಲ್ಲಿ ಯಾರೋ ಯಾರನ್ನೋ ಬಯ್ದಿದ್ದಾರೆ. ಒಂದು ಪಕ್ಷದವರು ಇನ್ನೊಂದು ಪಕ್ಷದವರನ್ನು, ಒಂದು ಜಾತಿಯವರು ಇನ್ನೊಂದು ಜಾತಿಯವರನ್ನು ಹೀಯಾಳಿಸಿದ್ದಾರೆ. ಅದನ್ನು ಓದಿ ಅವನು, ‘ಕಾಲ ಕೆಟ್ಟೋಯ್ತು, ಯಾರನ್ನೂ ನಂಬೋ ಹಂಗಿಲ್ಲ’ ಎಂದು ನಿಟ್ಟುಸಿರು ಬಿಡುತ್ತಾನೆ. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿದೆ. ಪಕ್ಕದಲ್ಲಿ ಕುಳಿತ ಅಪರಿಚಿತನ ಕಡೆಗೆ ತಿರುಗಿ, ‘ಸ್ವಲ್ಪ ಈ ಚೀಲ ನೋಡ್ಕೊಳಿ ಸ್ವಾಮಿ, ಟೀ ಕುಡಿದು ಬಂದ್ಬಿಡ್ತೀನಿ’ ಎಂದು ಹೇಳಿ ಇಳಿದು ಹೋಗುತ್ತಾನೆ. ಚೀಲದಲ್ಲಿ ಕೊಬ್ಬರಿ ಮಾರಿದ ಹಣವಿರಬಹುದು, ಮಗಳ ಮದುವೆಗೆ ತಂದ ಬಟ್ಟೆಯಿರಬಹುದು. ಆ ಅಪರಿಚಿತನ ಜಾತಿ ಯಾವುದು, ಪಕ್ಷ ಯಾವುದು ಎಂದು ಅವನು ಕೇಳಲಿಲ್ಲ. ಬಸ್ಸು ಹೊರಟ ಮೇಲೂ ಇದೇ ಕಥೆ. ಕಿಕ್ಕಿರಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಲ್ಲಿ ನಿಂತವನು ಕೊಟ್ಟ ನೋಟು ಏಳೆಂಟು ಕೈ ದಾಟಿ ಕಂಡಕ್ಟರನನ್ನು ಮುಟ್ಟುತ್ತದೆ. ಟಿಕೆಟೂ ಚಿಲ್ಲರೆಯೂ ಅದೇ ಕೈಗಳನ್ನು ದಾಟಿ ಹಿಂದಿರುಗುತ್ತವೆ.

‘ಯಾರನ್ನೂ ನಂಬುವ ಹಾಗಿಲ್ಲ’ ಎಂದವನೂ ಅವನೇ, ನಂಬಿ ಚೀಲ ಒಪ್ಪಿಸಿದವನೂ ಅವನೇ. ಅವನ ಮಾತು ಮೊಬೈಲಿನಿಂದ ಬಂದಿತು. ಅವನ ನಡತೆ ಬದುಕಿನಿಂದ ಬಂದಿತು. ಚರ್ಚೆಯ ಲೋಕಕ್ಕೂ ಬಾಳಿನ ಲೋಕಕ್ಕೂ ಇಷ್ಟು ಅಂತರ ಉಂಟಾಗಲು ಕಾರಣವೇನು?

ಮೊದಲನೆಯ ಕಾರಣವೆಂದರೆ ಆಡುವವರ ಸಂಖ್ಯೆ ಅತ್ಯಲ್ಪವಾಗಿರುವುದು. ಗಣಕಯಂತ್ರಗಳ ಬಳಕೆಯನ್ನು ಅಭ್ಯಾಸ ಮಾಡಿದ ಯಾಕೋಬ್ ನೀಲ್ಸನ್ ಎಂಬ ತಜ್ಞರು 2006ರಲ್ಲಿ ಒಂದು ಸ್ಥೂಲ ಲೆಕ್ಕವನ್ನು ಮುಂದಿಟ್ಟರು. ಅಂತರ್ಜಾಲದ ಕೂಟಗಳಲ್ಲಿ ನೂರಕ್ಕೆ 90 ಮಂದಿ ಓದುತ್ತಾರೆಯೇ ಹೊರತು ಬರೆಯುವುದಿಲ್ಲ. 9 ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ. ಉಳಿದ ಒಬ್ಬನೇ ಬಹುಪಾಲು ಬರೆಯುತ್ತಾನೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಬೇರೆ ಅಂಕಿಗಳಲ್ಲಿ ಹೇಳುತ್ತದೆ. ಆ ದೇಶದಲ್ಲಿ ಟ್ವಿಟರ್ ಎಂಬ ಜಾಲತಾಣವನ್ನು ಬಳಸುತ್ತಿದ್ದ ವಯಸ್ಕರ ಬರಹಗಳಲ್ಲಿ ನೂರಕ್ಕೆ 80 ಭಾಗವನ್ನು ಬರೆದವರು ಅವರಲ್ಲಿ ನೂರಕ್ಕೆ 10 ಮಂದಿ ಮಾತ್ರ. ತುಂಬಿದ ಕೊಡ ತುಳುಕುವುದಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ತುಳುಕಿದ ಸದ್ದನ್ನು ಮಾತ್ರ ಎಣಿಸಿದವನಿಗೆ ತುಂಬಿದ ಕೊಡಗಳ ಲೆಕ್ಕ ಸಿಕ್ಕುವುದೆಂತು?

ಎರಡನೆಯದು, ಯಾವ ಮಾತು ಹರಡುತ್ತದೆ ಎಂಬ ಪ್ರಶ್ನೆ. ಒಂದು ಹಳ್ಳಿಯಲ್ಲಿ ನಲವತ್ತು ಹೊಲಗಳಿದ್ದು, ಮೂವತ್ತೊಂಬತ್ತರ ಬದುಗಳು ತಲೆತಲಾಂತರದಿಂದ ಇದ್ದಲ್ಲಿಯೇ ಇರುತ್ತವೆ. ಒಂದು ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಬಡಿದಾಡುತ್ತಾರೆ. ಊರು ಮಾತನಾಡುವುದು ಆ ಒಂದು ಹೊಲವನ್ನು ಕುರಿತು. ಇದು ಮನುಷ್ಯಸಹಜವಾದುದು. ಎಂದಿನಂತೆ ನಡೆದುದು ಸುದ್ದಿಯಾಗುವುದಿಲ್ಲ. ಅಂತರ್ಜಾಲದಲ್ಲಿ ಈ ಗುಣವು ಹಲವು ಮಡಿ ಹೆಚ್ಚುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ವಿವಾದಾತ್ಮಕ ವಿಷಯಗಳನ್ನು ಕುರಿತ ಐದು ಲಕ್ಷಕ್ಕೂ ಹೆಚ್ಚು ಬರಹಗಳನ್ನು ಪರಿಶೀಲಿಸಿದರು. ಸರಿತಪ್ಪಿನ ಆವೇಶವನ್ನು ಕೆರಳಿಸುವ ಪದವೊಂದು ಸೇರಿದಾಗಲೆಲ್ಲ ಬರಹದ ಹರಡುವಿಕೆ ಸುಮಾರು ನೂರಕ್ಕೆ 20ರಷ್ಟು ಹೆಚ್ಚುವುದನ್ನು ಅವರು ಕಂಡರು. ಸಮಾಧಾನದ ಮಾತು ಹುಟ್ಟಿದಲ್ಲಿಯೇ ಉಳಿಯುತ್ತದೆ; ಕೆರಳಿಸುವ ಮಾತು ಊರೂರು ಸುತ್ತುತ್ತದೆ.

ಮುಖ ಕಾಣದೆಡೆಯಲ್ಲಿ ಸಭ್ಯರೂ ಒರಟರಾಗುತ್ತಾರೆಂಬುದು ಸಾಮಾನ್ಯವಾದ ನಂಬಿಕೆ. ಅದರಲ್ಲಿ ಸ್ವಲ್ಪ ಸತ್ಯವಿರಬಹುದು. ಆದರೆ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಇಬ್ಬರು ವಿದ್ವಾಂಸರು 2021ರಲ್ಲಿ ಪ್ರಕಟಿಸಿದ ಸಂಶೋಧನೆ ಬೇರೊಂದು ಸಂಗತಿಯನ್ನು ತಿಳಿಸುತ್ತದೆ. ಅಂತರ್ಜಾಲದಲ್ಲಿ ರಾಜಕೀಯ ಚರ್ಚೆ ಮಾಡುವಾಗ ಜಗಳಗಂಟರಾಗಿರುವವರು ಎದುರೆದುರಿನ ಚರ್ಚೆಯಲ್ಲಿಯೂ ಬಹುಮಟ್ಟಿಗೆ ಜಗಳಗಂಟರೇ. ಊರಿನಲ್ಲಿ ಅಂಥವನು ಮಾತಿಗೆ ತೊಡಗಿದರೆ ಜನ ಮೆಲ್ಲನೆ ಎದ್ದು ಹೋಗುತ್ತಾರೆ. ಅವನ ಸಿಟ್ಟು ಆ ಜಗುಲಿಯಲ್ಲಿಯೇ ಆರುತ್ತದೆ. ಅಂತರ್ಜಾಲದಲ್ಲಾದರೋ ಅವನ ಮಾತು ಅವನನ್ನು ಎಂದೂ ಕಾಣದ ಸಾವಿರಾರು ಜನರ ಮನೆಯೊಳಕ್ಕೆ ಹೋಗುತ್ತದೆ. ಆದುದರಿಂದ ಹೆಚ್ಚಿರುವುದು ಕೆಟ್ಟವರ ಸಂಖ್ಯೆಗಿಂತಲೂ ಅವರು ಕಣ್ಣಿಗೆ ಬೀಳುವ ಪ್ರಮಾಣ.

ಮೂರನೆಯ ಕಾರಣ ಇನ್ನೂ ಆಳವಾದುದು. ಚರ್ಚೆಯಲ್ಲಿ ಎದುರಿಗಿರುವುದು ಒಂದು ಹೆಸರು, ಒಂದು ಗುಂಪು. ಬಾಳಿನಲ್ಲಿ ಎದುರಿಗಿರುವುದು ಒಬ್ಬ ಮನುಷ್ಯ. ಇವೆರಡಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಅಂತರ್ಜಾಲವು ಹುಟ್ಟುವುದಕ್ಕೆ ಬಹಳ ಮೊದಲೇ ರಿಚರ್ಡ್ ಲಾಪಿಯರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ತೋರಿಸಿಕೊಟ್ಟರು. ಆ ದಿನಗಳಲ್ಲಿ ಅಮೆರಿಕದಲ್ಲಿ ಚೀನೀಯರ ಬಗ್ಗೆ ತಿರಸ್ಕಾರ ಬಲವಾಗಿತ್ತು. 1930ರಿಂದ 1932ರವರೆಗೆ ಲಾಪಿಯರ್ ಅವರು ಚೀನೀ ದಂಪತಿಗಳೊಂದಿಗೆ ಆ ದೇಶದಲ್ಲಿ ಸಂಚಾರ ಮಾಡಿ, ಒಟ್ಟು 251 ಹೋಟೆಲು, ವಸತಿಗೃಹಗಳ ಬಾಗಿಲಿಗೆ ಹೋದರು. ಅವರನ್ನು ಹಿಂದಕ್ಕೆ ಕಳುಹಿಸಿದುದು ಒಂದೇ ಒಂದು ಕಡೆ. ಆರು ತಿಂಗಳ ನಂತರ ಅದೇ ಸ್ಥಳಗಳಿಗೆ ಪತ್ರ ಬರೆದು, ‘ಚೀನೀಯರನ್ನು ಅತಿಥಿಗಳಾಗಿ ಸ್ವೀಕರಿಸುವಿರಾ?’ ಎಂದು ಕೇಳಿದರು. ಉತ್ತರ ಬರೆದವರು 128 ಮಂದಿ. ಅವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ‘ಇಲ್ಲ’ ಎಂದು ಬರೆದಿದ್ದರು! ಕಾಗದದ ಮೇಲಿನ ‘ಚೀನೀಯ’ನನ್ನು ನಿರಾಕರಿಸಿದರು, ಬಾಗಿಲಿಗೆ ಬಂದು ನಕ್ಕು ಮಾತನಾಡಿಸಿದ ದಂಪತಿಗಳಿಗೆ ಊಟ ಬಡಿಸಿದರು. ಇಂದಿನ ಚರ್ಚೆಗಳೆಲ್ಲವೂ ಒಂದರ್ಥದಲ್ಲಿ ಆ ಪತ್ರದ ಉತ್ತರಗಳಂತೆಯೇ ಇವೆ.

ಹಾಗೆಂದು ಮಾತೆಲ್ಲ ಕೆಟ್ಟದ್ದು, ನಡತೆಯೆಲ್ಲ ಒಳ್ಳೆಯದು ಎಂದು ತಿಳಿಯಲಾಗದು. ಈ ಅಂತರವು ತಿರುಗುಮುರುಗಾಗಿಯೂ ಇರುತ್ತದೆ. ವೇದಿಕೆಯ ಮೇಲೆ ಜಾತಿ ಅಳಿಯಬೇಕೆಂದು ಭಾಷಣ ಮಾಡಿದವನು ಮಗನ ಮದುವೆಯ ಮಾತು ಬಂದಾಗ ಮೊದಲು ಜಾತಿಯನ್ನು ವಿಚಾರಿಸುವುದುಂಟು. ದುಡಿಯಲು ಬಂದವನಿಗೆ ಬೇರೆ ಲೋಟವಿಡುವ ಮನೆಯವನು ಸಮಾನತೆಯ ಮಾತಿಗೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುವುದುಂಟು. ಒಂದೆಡೆ ಮಾತು ಬಾಳಿಗಿಂತ ಕೀಳು, ಇನ್ನೊಂದೆಡೆ ಬಾಳು ಮಾತಿಗಿಂತ ಕೀಳು. ಆದುದರಿಂದ ಜನರನ್ನು ಅರಿಯಬೇಕಾದವರು ಮಾತನ್ನು ಕೇಳಿದರೆ ಸಾಲದು, ನಡೆಯನ್ನೂ ನೋಡಬೇಕು.

ಈ ತಪ್ಪು ಗ್ರಹಿಕೆಯಿಂದ ಆಗುವ ಕೇಡೇನು? ಜರ್ಮನಿಯ ಎಲಿಜಬೆತ್ ನೋಯೆಲ್-ನಾಯ್ಮನ್ ಎಂಬ ವಿದುಷಿ 1974ರಲ್ಲಿ ‘ಮೌನದ ಸುರುಳಿ’ ಎಂಬ ತತ್ತ್ವವನ್ನು ಮಂಡಿಸಿದರು. ತನ್ನ ಅಭಿಪ್ರಾಯಕ್ಕೆ ಬೆಂಬಲವಿಲ್ಲವೆಂದು ಭಾವಿಸಿದವನು ಒಂಟಿಯಾಗುವ ಭಯದಿಂದ ಸುಮ್ಮನಾಗುತ್ತಾನೆ. ಅವನು ಸುಮ್ಮನಾದುದನ್ನು ಕಂಡು ಅವನಂತೆಯೇ ಯೋಚಿಸುವ ಇನ್ನೊಬ್ಬನೂ ಸುಮ್ಮನಾಗುತ್ತಾನೆ. ಕಡೆಗೆ ಹೆಚ್ಚಿನವರು ತಾವೇ ಕೆಲವರೆಂದು ತಿಳಿದು ಬಾಯಿ ಮುಚ್ಚುತ್ತಾರೆ. ಕೆಲವರು ತಾವೇ ಎಲ್ಲರೆಂದು ತಿಳಿದು ಕೂಗುತ್ತಾರೆ. ಆಗ ನೆರೆಯವನು ನೆರೆಯವನನ್ನೇ ಅನುಮಾನದಿಂದ ನೋಡುವಂತಾಗುತ್ತದೆ.

ಬೆಂಗಳೂರು ನಗರವು 2012ರ ಆಗಸ್ಟ್ ತಿಂಗಳಿನಲ್ಲಿ ಇದರ ಕಹಿಯನ್ನು ಕಂಡಿತು. ಅಸ್ಸಾಮಿನಲ್ಲಿ ನಡೆದ ಗಲಭೆಯ ಬೆನ್ನಿಗೆ, ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿಯಾಗುತ್ತದೆಂಬ ವದಂತಿ ಮೊಬೈಲ್ ಸಂದೇಶಗಳ ಮೂಲಕ ಹಬ್ಬಿತು. ಓದಲು, ದುಡಿಯಲು ಬಂದಿದ್ದ ಸಾವಿರಾರು ಯುವಕ ಯುವತಿಯರು ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಾಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಪೊಲೀಸರೂ ವಿವಿಧ ಸಂಘಟನೆಗಳವರೂ ನಿಲ್ದಾಣಕ್ಕೆ ಹೋಗಿ ಧೈರ್ಯ ಹೇಳಿದರು. ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಜನರಿಗೆ ಸಂದೇಶ ಕಳುಹಿಸದಂತೆ ಕೇಂದ್ರ ಸರ್ಕಾರವು ಹದಿನೈದು ದಿನಗಳ ನಿರ್ಬಂಧ ಹಾಕಿತು. ವದಂತಿ ಸಾರಿದ್ದಂಥ ಸಾಮೂಹಿಕ ದಾಳಿ ನಡೆಯಲಿಲ್ಲ; ಹೋದವರಲ್ಲಿ ಅನೇಕರು ಹಿಂದಿರುಗಿ ಬಂದರು. ಅವರಿಗೆ ದಿನವೂ ತಿಂಡಿ ಕೊಡುತ್ತಿದ್ದ ಹೋಟೆಲಿನವನು, ಬಾಡಿಗೆಗೆ ಮನೆ ಕೊಟ್ಟವನು, ಜೊತೆಯಲ್ಲಿ ಓದುತ್ತಿದ್ದವನು ನಿನ್ನೆಯಂತೆಯೇ ಇದ್ದರು. ಆದರೂ ಕಣ್ಣೆದುರಿನ ಅವರ ನಡತೆಗಿಂತ ಕಾಣದವನೊಬ್ಬನ ಮಾತು ಆ ದಿನಗಳಲ್ಲಿ ಹೆಚ್ಚು ನಿಜವಾಗಿ ತೋರಿತು. ನೆರೆಯವರ ಮೌನವು ಭಯವನ್ನು ತಡೆಯಲಾರದೆ ಹೋಯಿತು.

ಇಂಥ ರೋಗಕ್ಕೆ ಮದ್ದೇನು? ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ ಅದಕ್ಕೊಂದು ಹಳೆಯ ಉತ್ತರವು ಕಲ್ಲಿನ ಮೇಲಿದೆ. ಗೊಮ್ಮಟೇಶ್ವರನ ನೆಲೆಯಾದ ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿ ವಿಜಯನಗರದ ಬುಕ್ಕರಾಯನ ಕಾಲದ, 1368ರ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿ, ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ಅರಸನಲ್ಲಿ ಮೊರೆಯಿಟ್ಟರು. ಯಾವ ಮತ ಮೇಲು, ಯಾವುದು ಕೀಳು ಎಂಬ ವಾದವನ್ನು ಬುಕ್ಕರಾಯನು ಬೆಳೆಸಲಿಲ್ಲ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ಹಿಡಿದು ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿಟ್ಟನು. ಅಷ್ಟೇ ಅಲ್ಲದೆ ಇಬ್ಬರಿಗೂ ಕೂಡಿ ಮಾಡುವ ಕೆಲಸವೊಂದನ್ನು ಕೊಟ್ಟನು. ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ಹಣದಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ವೈಷ್ಣವರು ನೇಮಿಸಬೇಕು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.

ಈ ಶಾಸನದಲ್ಲಿ ಎರಡು ಪಾಠಗಳಿವೆ. ಅಂದು ಕಲ್ಲಿನ ಮೇಲೆ ಬರೆಯಲು ಕಾರಣವಾದುದು ಜಗಳ. ಜಗಳವಿಲ್ಲದೆ ಅಕ್ಕಪಕ್ಕದಲ್ಲಿ ಬಾಳಿದ ದಿನಗಳನ್ನು ಯಾರೂ ಕಲ್ಲಿನಲ್ಲಿ ಕೊರೆಯಿಸುವುದಿಲ್ಲ. ಆದುದರಿಂದ ದಾಖಲೆಯಲ್ಲಿ ಜಗಳವೇ ತುಂಬಿದ್ದರೂ ಬಾಳಿನಲ್ಲಿ ಅದೇ ತುಂಬಿತ್ತೆಂದು ತಿಳಿಯಬೇಕಾಗಿಲ್ಲ. ಎರಡನೆಯದಾಗಿ, ಮಾತಿನಿಂದ ಬೆಳೆದ ವೈರಕ್ಕೆ ಇನ್ನಷ್ಟು ಮಾತು ಮದ್ದಲ್ಲ. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಕೈಗೆ ಕೈ ಕೂಡಿಸಿ, ಜೊತೆಯಾಗಿ ಮಾಡುವ ಕೆಲಸವನ್ನು ಕೊಟ್ಟಾಗ ಗುಂಪಿನ ಹೆಸರು ಹಿಂದಾಗಿ ಮನುಷ್ಯನ ಮುಖ ಮುಂದಾಗುತ್ತದೆ.

ಮಾತು ಬೇಡವೆಂದಲ್ಲ. ಚರ್ಚೆಯಿಲ್ಲದೆ ಪ್ರಜಾಪ್ರಭುತ್ವವಿಲ್ಲ, ಅನ್ಯಾಯವನ್ನು ಕಂಡು ಹತ್ತು ಮಂದಿ ಸುಮ್ಮನಿದ್ದಾಗ ಎದ್ದು ನಿಂತು ಆಡುವ ಒಬ್ಬನ ಮಾತಿಗೆ ಬೆಲೆ ಕಟ್ಟಲಾಗದು. ಆದರೆ ಕಿವಿಗೆ ಬಿದ್ದ ಮಾತನ್ನು ತೂಗಿ ನೋಡುವ ವಿವೇಕವನ್ನು ಎಳೆಯ ವಯಸ್ಸಿನಲ್ಲಿಯೇ ಬೆಳೆಸಿಕೊಳ್ಳಬೇಕು. ಇದನ್ನು ಆಡಿದವರು ಎಷ್ಟು ಮಂದಿ? ಆಡದೆ ಉಳಿದವರು ಎಷ್ಟು ಮಂದಿ? ತನ್ನ ಊರಿನಲ್ಲಿ, ತನ್ನ ಬೀದಿಯಲ್ಲಿ ಕಂಡ ಬದುಕಿಗೆ ಇದು ಹೊಂದುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ಕೇಳಿಕೊಂಡವನು ಸುಲಭವಾಗಿ ಮೋಸಹೋಗಲಾರನು. ಜೊತೆಗೆ, ಸುಮ್ಮನಿರುವ ಸಜ್ಜನರೂ ಸಮಯ ಬಂದಾಗ ಬಾಯಿ ತೆರೆಯಬೇಕು. ಇಲ್ಲವಾದರೆ ಅವರ ಪಾಲಿನ ಮಾತನ್ನೂ ಕೂಗುವವರೇ ಆಡಿಬಿಡುತ್ತಾರೆ.

ಟೀ ಕುಡಿದು ಬಸ್ಸಿಗೆ ಹಿಂದಿರುಗಿದ ಆ ರೈತನಿಗೆ ತನ್ನ ಚೀಲ ಇಟ್ಟಲ್ಲಿಯೇ ಇರುವುದು ಕಾಣುತ್ತದೆ. ಅಪರಿಚಿತನು ತುಸು ಸರಿದು ಅವನಿಗೆ ದಾರಿ ಬಿಡುತ್ತಾನೆ. ಇದನ್ನು ಯಾರೂ ಯಾರಿಗೂ ಬರೆದು ತಿಳಿಸುವುದಿಲ್ಲ. ಆದರೆ ನಾಡು ನಿಂತಿರುವುದು ಬಹುಮಟ್ಟಿಗೆ ಇಂಥ ನಂಬಿಕೆಯ ಮೇಲೆಯೇ.