ಕೀಮೋಥೆರಪಿ ನಡೆಯುತ್ತಿರುವ ಮನೆಯಲ್ಲಿ ವೈಯಾವೃತ್ಯ

ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ಮುಖ್ಯವಾಗಿ ಮುನಿಗಳ ಸೇವೆಗೆ ಹೇಳಿದ ಈ ಮಾತು ಮನೆಯ ರೋಗಿಯ ಆರೈಕೆಗೂ ಸಲ್ಲುತ್ತದೆ. ಮುಂದುವರಿದ ಹಂತದ ಕ್ಯಾನ್ಸರ್‌ಗೆ ಕೀಮೋಥೆರಪಿ ನಡೆಯುತ್ತಿರುವಾಗ ಈ ಸೇವೆಗೆ ಭಕ್ತಿಯ ಜೊತೆ ತಿಳಿವಳಿಕೆಯೂ ಬೇಕು.

ಚಿಕಿತ್ಸೆಯ ಗುರಿ

ಈ ಹಂತದಲ್ಲಿ ಕೀಮೋ ಅನೇಕರಿಗೆ ರೋಗವನ್ನು ಪೂರ್ತಿ ವಾಸಿಮಾಡಲು ಕೊಡುವುದಲ್ಲ. ಗಡ್ಡೆಯ ಬೆಳವಣಿಗೆ ತಡೆದು, ನೋವು ಕಡಿಮೆ ಮಾಡಿ, ಆಯುಸ್ಸು ಹೆಚ್ಚಿಸಲು ಕೊಡುತ್ತಾರೆ. ತಮ್ಮವರಿಗೆ ಯಾವ ಉದ್ದೇಶದಿಂದ ಕೊಡುತ್ತಿದ್ದಾರೆ ಎಂದು ಮನೆಯವರು ಮೊದಲೇ ವೈದ್ಯರಲ್ಲಿ ಕೇಳಿ ತಿಳಿಯಬೇಕು.

ಜ್ವರ ಬಂದರೆ

ಔಷಧಿಯನ್ನು ಸುತ್ತುಗಳಲ್ಲಿ ಕೊಡುತ್ತಾರೆ. ಹಲವು ಔಷಧಿಗಳಿಗೆ 14 ಅಥವಾ 21 ದಿನಕ್ಕೊಂದು ಸುತ್ತು. ಸಾಮಾನ್ಯವಾಗಿ 7ರಿಂದ 14ನೇ ದಿನದೊಳಗೆ ಬಿಳಿ ರಕ್ತಕಣಗಳು ಬಹಳ ಕಡಿಮೆಯಾಗಿ, ಸಣ್ಣ ಸೋಂಕೂ ಪ್ರಾಣಕ್ಕೆ ಎರವಾಗಬಹುದು. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ಚಳಿ ನಡುಕ ಬಂದರೆ, ನಡುರಾತ್ರಿಯಾದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ವೈದ್ಯರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬಾರದು. ಜ್ವರ ಇಳಿದರೂ ಸೋಂಕು ಒಳಗೇ ಬೆಳೆಯುತ್ತದೆ.

ನೋಡಲು ಬರುವ ನೆಂಟರಲ್ಲಿ ಕೆಮ್ಮು, ನೆಗಡಿ ಇದ್ದವರು ಫೋನಿನಲ್ಲೇ ಮಾತನಾಡುವುದು ಒಳ್ಳೆಯದು. ಪೂಜೆ, ಪ್ರವಚನದ ಜನಸಂದಣಿಯನ್ನೂ ಆ ದಿನಗಳಲ್ಲಿ ತಪ್ಪಿಸಬೇಕು. ಔಷಧಿ ಕೊಟ್ಟ ಮೇಲೆ 48 ಗಂಟೆ ರೋಗಿಯ ವಾಂತಿ, ಮೂತ್ರ ಸ್ವಚ್ಛ ಮಾಡುವವರು ಕೈಗವಸು ಹಾಕಿಕೊಳ್ಳಬೇಕು.

ಆಹಾರ ಮತ್ತು ವ್ರತ

ಕುದಿಸಿ ಆರಿಸಿದ ನೀರು, ಆಗಷ್ಟೇ ಮಾಡಿದ ಬಿಸಿ ಅಡುಗೆ ಇಂಥ ರೋಗಿಗೆ ಹೇಳಿ ಮಾಡಿಸಿದ್ದು. ರಾತ್ರಿಭೋಜನ ತ್ಯಾಗ ಮಾಡಿದವರಿಗೆ ಸೂರ್ಯೋದಯದಿಂದಲೇ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಬಹುದು: ಗಂಜಿ, ಹೆಸರುಬೇಳೆ ಕಟ್ಟು, ಪನೀರ್, ಕಾಯಿಸಿದ ಹಾಲು. ಬಾಯಿ ಹುಣ್ಣಾದರೆ ಖಾರ, ಹುಳಿ ಬೇಡ.

ಅಷ್ಟಮಿ, ಚತುರ್ದಶಿಯ ಉಪವಾಸವನ್ನು ವೈದ್ಯರಿಂದ ಮುಚ್ಚಿಡಬಾರದು. ರಾತ್ರಿಯ ಮಾತ್ರೆಯನ್ನು ಹಗಲಿಗೆ ಬದಲಿಸಲು ಬರುತ್ತದೆಯೇ ಎಂದು ಕೇಳಬೇಕು. ಬರದಿದ್ದರೆ, ವ್ರತ ಕೊಟ್ಟ ಗುರುಗಳ ಬಳಿ ರೋಗಿಯ ಸ್ಥಿತಿ ಹೇಳಿ ಅವರ ಮಾರ್ಗದರ್ಶನ ಪಡೆದರೆ ರೋಗಿಯ ಮನಸ್ಸಿನ ಭಾರವೂ ಇಳಿಯುತ್ತದೆ.

ಔಷಧಿಯಿಂದ ಊಟ ಸೇರದಿರುವುದು ಸಲ್ಲೇಖನವಲ್ಲ. ಅದು ಅಡ್ಡಪರಿಣಾಮ, ಅದಕ್ಕೆ ಔಷಧಿಯಿದೆ. ಸಲ್ಲೇಖನವು ವ್ಯಕ್ತಿ ತಾನೇ, ಪೂರ್ಣ ಅರಿವಿನಿಂದ, ಗುರುಗಳ ಅನುಮತಿ ಪಡೆದು ಸ್ವೀಕರಿಸುವ ವ್ರತ. ಅದನ್ನು ಮನೆಯವರು ನಿರ್ಧರಿಸುವಂತಿಲ್ಲ.

ನೋವಿಗೆ ಪರಿಹಾರ

ಉಪಶಾಮಕ ಆರೈಕೆ ಎಂದರೆ ಕೈಬಿಟ್ಟಂತಲ್ಲ. ನೋವು, ಉಸಿರಾಟದ ತೊಂದರೆ, ನಿದ್ದೆಗೇಡು ಕಡಿಮೆ ಮಾಡುವ ಈ ಆರೈಕೆಯನ್ನು ಕೀಮೋ ನಡೆಯುವಾಗಲೇ ಶುರುಮಾಡಬಹುದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಇದರ ವಿಭಾಗವಿದೆ. ಚಿಕಿತ್ಸೆ ಫಲಿಸದ ಹಂತ ತಲುಪಿದವರನ್ನು ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತದೆ.

ಆರೈಕೆ ಒಬ್ಬರ ಮೇಲೇ ಬೀಳಬಾರದು. ಒಬ್ಬರು ಆಸ್ಪತ್ರೆಗೆ, ಒಬ್ಬರು ಅಡುಗೆಗೆ, ಒಬ್ಬರು ರಾತ್ರಿ ಜೊತೆಗೆ ಎಂದು ಹಂಚಿಕೊಂಡು, ಜ್ವರ, ಮಾತ್ರೆ, ಊಟದ ವಿವರವನ್ನು ಒಂದೇ ಪುಸ್ತಕದಲ್ಲಿ ಬರೆದಿಟ್ಟರೆ ವೈದ್ಯರಿಗೂ ಅನುಕೂಲ. ನೆರೆಯ ಶ್ರಾವಕರು “ಏನಾದರೂ ಬೇಕಾದರೆ ಹೇಳಿ” ಎನ್ನುವ ಬದಲು, “ಗುರುವಾರ ನಾವು ಆಸ್ಪತ್ರೆಗೆ ಜೊತೆಗೆ ಬರುತ್ತೇವೆ” ಎಂದರೆ ಆ ಮನೆಗೆ ನಿಜವಾದ ಆಸರೆ.