ಅಡ್ಡಗಾಳಿಗೆ ಐದೇ ಜಾಗ

ಕಲಬುರಗಿ ಜಿಲ್ಲೆಯ ಜೇವರ್ಗಿ ದಾಟಿ ಶಹಾಪುರದ ಕಡೆ ಹೊರಟರೆ ಎರಡೂ ಬದಿಗೆ ಎರೆಹೊಲ. ಆಷಾಢದಲ್ಲಿ ತೊಗರಿ ಇನ್ನೂ ಗೇಣುದ್ದ ಇರುತ್ತದೆ. ಪಡುವಣದಿಂದ ಬೀಸುವ ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲ. ಈ ರಸ್ತೆಯಲ್ಲಿ ಎಂಟು ಹುಡುಗರು ಸೈಕಲ್ ತುಳಿಯುವುದನ್ನು ಅವರ ಹಿಂದಿನ ಜೀಪಿನಲ್ಲಿ ಕೂತು ನೋಡಿದೆ. ಅಂದಿನಿಂದ ಸೈಕಲ್ ರೇಸಿನ ಬಗ್ಗೆ ಯಾರು ಸಿಕ್ಕರೂ ಮೊದಲು ಹೇಳುವುದು ಆ ಬೆಳಗಿನ ಸುದ್ದಿಯನ್ನೇ.

ಹುಡುಗರು ವಿಜಯಪುರದ ಕಡೆಯವರು. ಅವರ ಮಾಸ್ತರು ಸೈಕಲ್‌ಗಳನ್ನು ಜೀಪಿನ ಮೇಲೆ ಹೇರಿಕೊಂಡು ಇಲ್ಲಿಗೆ ಬಂದದ್ದು ಗಾಳಿಗಾಗಿಯೇ. ಸಿಂದಗಿಯಿಂದ ಜೇವರ್ಗಿಗೆ ಬರುವ ರಸ್ತೆ ಪೂರ್ವಕ್ಕೆ ಸಾಗುತ್ತದೆ, ಅಲ್ಲಿ ಗಾಳಿ ಬೆನ್ನಿಗಿರುತ್ತದೆ. ಜೇವರ್ಗಿಯಿಂದ ದಕ್ಷಿಣಕ್ಕೆ ತಿರುಗಿದ ಕೂಡಲೇ ಅದೇ ಗಾಳಿ ಬಲಗಿವಿಗೆ ಬಡಿಯುತ್ತದೆ. ಮಾಸ್ತರಿಗೆ ಬೇಕಾಗಿದ್ದದ್ದು ಈ ತಿರುವು.

ತಿರುವು ದಾಟಿದ ಮೇಲೆ ಹುಡುಗರು ಒಬ್ಬರ ಹಿಂದೊಬ್ಬರು ಹೋಗಲಿಲ್ಲ. ಮುಂದಿನವನು ರಸ್ತೆಯ ನಡುಗೆರೆಯ ಹತ್ತಿರ, ಎರಡನೆಯವನು ಅವನ ಎಡಕ್ಕೆ ಅರ್ಧ ಸೈಕಲ್ ಹಿಂದೆ, ಮೂರನೆಯವನು ಇನ್ನೂ ಎಡಕ್ಕೆ. ಬೆಳ್ಳಕ್ಕಿಗಳು ಹಾರುವಂತೆ ಓರೆಸಾಲು. ಬಲದಿಂದ ಬಂದ ಗಾಳಿಯನ್ನು ಮೊದಲನೆಯವನು ತಡೆಯುತ್ತಾನೆ, ಉಳಿದವರು ಅವನ ಮರೆಯಲ್ಲಿ. ಅರ್ಧ ನಿಮಿಷಕ್ಕೆ ಅವನು ಹಿಂದೆ ಸರಿದರೆ ಮತ್ತೊಬ್ಬ ಮುಂದೆ. ಯುರೋಪಿನ ಸವಾರರು ಇದಕ್ಕೆ ಎಶೆಲಾನ್ ಎನ್ನುತ್ತಾರೆ.

“ಅರ್ಧ ರಸ್ತಾದಾಗ ಐದು ಮಂದಿಗೆ ಜಾಗ ಐತ್ರಿ. ಆರನೇದಾಂವ ಏನ್ ಮಾಡ್ತಾನ ನೋಡ್ರಿ” ಎಂದರು ಮಾಸ್ತರು.

ಆರನೆಯವನಿಗೆ ಮರೆಯೇ ಉಳಿದಿರಲಿಲ್ಲ. ಡಾಂಬರಿನ ಎಡ ಅಂಚಿಗೆ ಒತ್ತಿಕೊಂಡು ಐದನೆಯವನ ಹಿಂದಿನ ಚಕ್ರಕ್ಕೆ ಅಂಟಿಕೊಂಡಿದ್ದ. ಅವನ ಹಿಂದೆ ಇನ್ನಿಬ್ಬರು. ಮೂವರಿಗೂ ಗಾಳಿ ನೇರವಾಗಿ ಬಡಿಯುತ್ತಿತ್ತು. ಮುಂದಿನ ಐವರು ಆರಾಮಾಗಿ ಸಾಗುತ್ತಿದ್ದರೆ ಈ ಮೂವರು ಹಲ್ಲು ಕಚ್ಚಿ ತುಳಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಆರನೆಯವನ ಮುಂದೆ ಒಂದು ಮೊಳ ಅಂತರ ಬಿತ್ತು, ಮೊಳ ಮಾರಾಯಿತು, ಆಮೇಲೆ ಆ ಅಂತರ ಮುಚ್ಚಲೇ ಇಲ್ಲ. ಎಂಟೂ ಹುಡುಗರ ಕಾಲಿನ ಕಸುವು ಹೆಚ್ಚುಕಡಿಮೆ ಒಂದೇ. ಅವರನ್ನು ಒಡೆದದ್ದು ನಿಂತ ಜಾಗ.

ಮಾಸ್ತರು ಜೀಪ್ ಮುಂದೆ ಒಯ್ದು ಎಲ್ಲರನ್ನೂ ನಿಲ್ಲಿಸಿ ಒಂದೇ ಮಾತು ಹೇಳಿದರು: ಜಾಗ ಸಿಗದಿದ್ದರೆ ಅಂಚಿನಲ್ಲಿ ಒದ್ದಾಡಬೇಡ, ಬಲಕ್ಕೆ ಬಾ, ಎರಡನೆಯ ಓರೆಸಾಲು ಕಟ್ಟು. ಮುಂದಿನ ಸಲ ಆರನೆಯವನು ಹಾಗೇ ಮಾಡಿದ. ತಾನೇ ಗಾಳಿಗೆ ಎದೆಯೊಡ್ಡಿ ಹಿಂದಿನ ಇಬ್ಬರಿಗೆ ಮರೆಯಾದ. ಮೂವರೂ ಸರದಿಯಲ್ಲಿ ದುಡಿದು ಐವರನ್ನು ಬಹಳ ದೂರ ಬಿಡದೆ ಹಿಂಬಾಲಿಸಿದರು. ಗುಂಪಿನ ಸೈಕ್ಲಿಂಗ್ ಬಗ್ಗೆ ನಾನು ಓದಿದ ಪುಟಗಳೆಲ್ಲ ಆ ಹತ್ತು ನಿಮಿಷದಲ್ಲಿ ಕಣ್ಣಮುಂದೆ ನಡೆದುಹೋದವು.

ಈ ಮರೆಯ ಬೆಲೆ ಎಷ್ಟೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಬರ್ಟ್ ಬ್ಲಾಕನ್ ಅವರ ತಂಡ 2018ರಲ್ಲಿ 121 ಸವಾರರ ದಟ್ಟ ಗುಂಪಿನ ಸುತ್ತ ಗಾಳಿ ಹರಿಯುವುದನ್ನು ಅಳೆಯಿತು. ಗುಂಪಿನ ನಡುಹಿಂಭಾಗದಲ್ಲಿ ಇರುವವನಿಗೆ ತಗಲುವ ಗಾಳಿಯ ಪ್ರತಿರೋಧ, ಒಬ್ಬನೇ ಹೋಗುವವನಿಗೆ ತಗಲುವುದರ ಶೇ 5ರಿಂದ 10ರಷ್ಟು ಮಾತ್ರ. ಇಂಥ ಗುಂಪನ್ನು ಬಿಟ್ಟು ನಾಲ್ಕೈದು ಜನ ಮುಂದೆ ಕಿತ್ತುಕೊಂಡು ಹೋಗುವುದೆಂದರೆ ಎಂಥ ಸಾಹಸ ಎಂದು ಇದರಿಂದಲೇ ತಿಳಿಯುತ್ತದೆ. ಇದನ್ನೇ ಬ್ರೇಕ್‌ಅವೇ ಎನ್ನುತ್ತಾರೆ. ಅದರ ಮೇಲೆ ನನಗಿರುವ ಪ್ರೀತಿ ಅಲ್ಲಿಂದಲೇ ಶುರು.

ಗಾಳಿಯ ವಿಷಯದಲ್ಲಿ ಇನ್ನೊಂದು ಉದಾಹರಣೆ ಹೇಳದೆ ಮುಂದೆ ಹೋಗಲಾರೆ. 2013ರ ಟೂರ್ ಡಿ ಫ್ರಾನ್ಸ್‌ನ 13ನೇ ಹಂತ, ತೂರ್ ಪಟ್ಟಣದಿಂದ ಸಾಂತ್ ಅಮಾಂ ಮೊಂತ್ರೋಂಗೆ 173 ಕಿ.ಮೀ. ನಮ್ಮ ಜೇವರ್ಗಿಯ ಹಾಗೆ ಸಮತಟ್ಟಾದ ಹೊಲಗಳ ನಡುವಿನ ಹಾದಿ. ಅಡ್ಡಗಾಳಿ ಎದ್ದಿತು. ಮುಂಚೂಣಿಯ ಸವಾರ ವಾಲ್ವೆರ್ಡೆಯ ಚಕ್ರ ಕೈಕೊಟ್ಟ ಹೊತ್ತಿಗೆ ಎದುರಾಳಿ ತಂಡಗಳು ವೇಗ ಹೆಚ್ಚಿಸಿದವು. ಅಂದು ವಾಲ್ವೆರ್ಡೆ ಕಳೆದುಕೊಂಡದ್ದು ಸುಮಾರು 10 ನಿಮಿಷ. ಕೊನೆಯ ಭಾಗದಲ್ಲಿ ಕಾಂಟಾಡೋರ್‌ನ ತಂಡದವರು ಒಟ್ಟಾಗಿ ಮುನ್ನುಗ್ಗಿದರು. ಒಟ್ಟು ಸಮಯದಲ್ಲಿ ಮುಂದಿದ್ದು ನಾಯಕನ ಹಳದಿ ಜೆರ್ಸಿ ತೊಟ್ಟಿದ್ದ ಕ್ರಿಸ್ ಫ್ರೂಮ್ ಓರೆಸಾಲಿನಲ್ಲಿ ಜಾಗ ಸಿಗದೆ 1 ನಿಮಿಷ 9 ಸೆಕೆಂಡ್ ಕಳೆದುಕೊಂಡರು. ಆ ಟೂರ್‌ನಲ್ಲಿ ಅಲ್ಲಿಯವರೆಗೆ ಬೆಟ್ಟದ ಮೇಲೆ ಯಾರಿಗೂ ಮಣಿಯದಿದ್ದ ಸವಾರನನ್ನು ಬಯಲಿನ ಗಾಳಿ ಹಿಂದೆ ಹಾಕಿತು. ಹಂತಗಳ ರೇಸಿಗೆ ಪರ್ವತ ಬೇಕೇ ಬೇಕು ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಇನ್ನು ಬ್ರೇಕ್‌ಅವೇ. ಮುಂದೆ ಹೋದವರು ಬೇರೆ ಬೇರೆ ತಂಡದ ಎದುರಾಳಿಗಳು, ಆದರೂ ಗುರಿಯ ಹತ್ತಿರ ಬರುವವರೆಗೆ ಸರದಿಯಂತೆ ಒಬ್ಬರಿಗೊಬ್ಬರು ಗಾಳಿ ತಡೆಯಬೇಕು. ಒಬ್ಬ ಕಳ್ಳಾಟ ಆಡಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಹಿಂದಿನ ದೊಡ್ಡ ಗುಂಪಿನವರದು ಬೇರೆಯೇ ಲೆಕ್ಕ. ಫ್ರೆಂಚ್ ವೀಕ್ಷಕ ವಿವರಣೆಕಾರ ರೊಬೇರ್ ಶಪಾತ್ ಹೆಸರಿನಲ್ಲಿ ಒಂದು ಸೂತ್ರವೇ ಇದೆ: ಗುರಿಗೆ 10 ಕಿ.ಮೀ. ಉಳಿದಾಗ 1 ನಿಮಿಷದ ಅಂತರವಿದ್ದರೆ ಮುಂದಿನವರು ಉಳಿಯುತ್ತಾರೆ. ಅಷ್ಟಿಲ್ಲದಿದ್ದರೆ ಗುಂಪು ಅವರನ್ನು ನುಂಗುತ್ತದೆ.

ಹಾಗಾದರೆ ಅವರನ್ನು ಹೋಗಗೊಡುವುದೇಕೆ? ನಾಳೆಯೂ ರೇಸ್ ಇರುವುದರಿಂದ. ಮುಂದೆ ಹೋದವನು ಒಟ್ಟು ಸಮಯದಲ್ಲಿ ಬಹಳ ಹಿಂದಿದ್ದರೆ, ನಾಯಕನ ತಂಡ ಅವನನ್ನು ಬೆನ್ನಟ್ಟಿ ಕಾಲು ಸುಡಿಸಿಕೊಳ್ಳುವುದಿಲ್ಲ. ಈ ಉದಾರತೆ ಒಮ್ಮೊಮ್ಮೆ ದುಬಾರಿಯಾಗುತ್ತದೆ. 2006ರ ಟೂರ್‌ನಲ್ಲಿ ಓಸ್ಕರ್ ಪೆರೇರೊ 28 ನಿಮಿಷಕ್ಕಿಂತ ಹೆಚ್ಚು ಹಿಂದಿದ್ದರು. 13ನೇ ಹಂತದಲ್ಲಿ, ಮೊಂಟೆಲಿಮಾರ್‌ವರೆಗಿನ 230 ಕಿ.ಮೀ. ದಾರಿಯಲ್ಲಿ, ಆಗ ನಾಯಕರಾಗಿದ್ದ ಫ್ಲಾಯ್ಡ್ ಲ್ಯಾಂಡಿಸ್ ಅವರ ತಂಡ ಪೆರೇರೊ ಅವರನ್ನು ಹೋಗಗೊಟ್ಟಿತು. ಅವರ ಬ್ರೇಕ್‌ಅವೇ ಹಿಂದಿನ ದೊಡ್ಡ ಗುಂಪಿಗಿಂತ 29 ನಿಮಿಷ 57 ಸೆಕೆಂಡ್ ಮೊದಲು ಗುರಿ ಮುಟ್ಟಿತು, ಹಳದಿ ಜೆರ್ಸಿ ಪೆರೇರೊ ಮೈಮೇಲೆ ಬಂತು. ಲ್ಯಾಂಡಿಸ್ ಅದನ್ನು ಮರಳಿ ಗೆದ್ದರೂ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕಡೆಗೆ ಆ ವರ್ಷದ ಟೂರ್ ಪೆರೇರೊ ಹೆಸರಿಗೇ ಉಳಿಯಿತು.

ಲೆಕ್ಕ ತಪ್ಪುವುದು ಒಂದೇ ದಿನದ ರೇಸಿನಲ್ಲೂ ಉಂಟು. ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ರೋಡ್ ರೇಸಿನಲ್ಲಿ ಆಸ್ಟ್ರಿಯಾದ ಗಣಿತಜ್ಞೆ ಅನ್ನಾ ಕೀಸನ್‌ಹೋಫರ್ ಆರಂಭದಲ್ಲೇ ಮುಂದೆ ಹೋದರು. ಒಲಿಂಪಿಕ್ಸ್‌ನಲ್ಲಿ ಸವಾರರ ಕಿವಿಗೆ ರೇಡಿಯೊ ಇಲ್ಲ. ಬಲಾಢ್ಯ ಡಚ್ ತಂಡಕ್ಕೆ ಮುಂದೆ ಒಬ್ಬಳಿದ್ದಾಳೆ ಎಂಬುದೇ ಸರಿಯಾಗಿ ತಿಳಿಯಲಿಲ್ಲ. ಕೀಸನ್‌ಹೋಫರ್ ಗೆದ್ದ ಮೇಲೆ ಎರಡನೆಯವರಾಗಿ ಬಂದ ಆ ತಂಡದ ವಾನ್ ವ್ಲೂಟನ್ ತಾನೇ ಗೆದ್ದೆನೆಂದು ಕೈ ಎತ್ತಿದರು. ಎಲ್ಲ ರೇಸುಗಳಲ್ಲೂ ರೇಡಿಯೊ ತೆಗೆದುಬಿಟ್ಟರೆ ಸವಾರರ ಬುದ್ಧಿಗೆ ಇನ್ನಷ್ಟು ಕೆಲಸ ಸಿಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತಂಡದ ಆಟ ಪೂರ್ಣವಾಗಿ ಅರಳುವುದು ಹಂತಗಳ ರೇಸಿನಲ್ಲಿ. 2022ರ ಟೂರ್‌ನ 11ನೇ ಹಂತದಲ್ಲಿ ಯುಂಬೊ ವಿಸ್ಮಾ ತಂಡ ಬೆಳಿಗ್ಗೆಯೇ ವಾನ್ ಆರ್ಟ್ ಮತ್ತು ಲಪೋರ್ಟ್ ಇಬ್ಬರನ್ನು ಬ್ರೇಕ್‌ನಲ್ಲಿ ಕಳಿಸಿತು, ಮುಂದೆ ನಾಯಕನಿಗೆ ಬೇಕಾದಾಗ ಸಿಗಲಿ ಎಂದು. ಹಿಂದೆ ಅದೇ ತಂಡದ ರೋಗ್ಲಿಚ್ ಮತ್ತು ವಿಂಗೆಗಾರ್ಡ್ ಸರದಿಯಲ್ಲಿ ದಾಳಿ ಮಾಡಿ ಹಳದಿ ಜೆರ್ಸಿಯಲ್ಲಿದ್ದ ಪೊಗಾಚಾರ್‌ನನ್ನು ದಣಿಸಿದರು. ಗ್ರಾನೋಂ ಏರಿನಲ್ಲಿ ವಿಂಗೆಗಾರ್ಡ್ ಹಂತವನ್ನೂ ಹಳದಿ ಜೆರ್ಸಿಯನ್ನೂ ಗೆದ್ದರು.

ಇದೆಲ್ಲ ನಮಗೆ ದೂರದ ಮಾತಲ್ಲ. ಅಫಜಲಪುರದ ಪಕ್ಕದ ವಿಜಯಪುರ ಜಿಲ್ಲೆ ಮತ್ತು ಅದರಾಚೆಯ ಬಾಗಲಕೋಟೆ ನಾಡಿನ ಸೈಕ್ಲಿಂಗ್‌ನ ತವರು. ಎರಡೂ ಕಡೆ ಕ್ರೀಡಾ ಇಲಾಖೆಯ ಸೈಕ್ಲಿಂಗ್ ನಿಲಯಗಳಿವೆ. ಜಮಖಂಡಿಯಲ್ಲಿ ರಾಷ್ಟ್ರೀಯ ರೋಡ್ ಸೈಕ್ಲಿಂಗ್ ಚಾಂಪಿಯನ್‌ಷಿಪ್ ನಡೆದಿದೆ. 2023ರ ಜನವರಿಯಲ್ಲಿ ವಿಜಯಪುರದಲ್ಲೂ ನಡೆಯಿತು. ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ಇದ್ದೇ ಇರುತ್ತದೆ. ಒಂದೇ ಊರಿನ ಹುಡುಗರು ಕೂಡಿಕೊಂಡು ಒಬ್ಬನನ್ನು ಗೆಲ್ಲಿಸಿ ಬಹುಮಾನ ಹಂಚಿಕೊಳ್ಳುವುದೂ ಉಂಟು ಎಂದು ಆ ಎಂಟರಲ್ಲಿ ಒಬ್ಬ ಹೇಳಿದ. ಟೂರ್ ತಂಡಗಳೂ ಬಹುಮಾನದ ಹಣವನ್ನು ಹಂಚಿಕೊಳ್ಳುತ್ತವೆ. ಕೂಡಿ ಗೆಲ್ಲುವ ಬುದ್ಧಿ ನಮ್ಮ ಹುಡುಗರಿಗೆ ಹೊಸದಲ್ಲ. ಆದರೆ ಶರ್ಯತ್ತು ಒಂದು ತಾಸಿನೊಳಗೆ ಮುಗಿಯುತ್ತದೆ. ಯಾರನ್ನು ಹೋಗಗೊಡಬೇಕು, ಯಾವಾಗ ಕಾಲು ಉಳಿಸಬೇಕು ಎಂಬ ಪಾಠಕ್ಕೆ ಅಲ್ಲಿ ಎಡೆಯಿಲ್ಲ.

2026ರ ಜನವರಿಯಲ್ಲಿ ಪುಣೆಯಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮಾನ್ಯತೆ ಪಡೆದ ಹಂತಗಳ ರೇಸ್ ನಡೆಯಿತು. ನಮ್ಮ ಜಿಲ್ಲೆಯ ಆಳಂದಕ್ಕೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಅಲ್ಲಿ ಆದದ್ದು ಇಲ್ಲಿ ಸಣ್ಣ ಪ್ರಮಾಣದಲ್ಲಿ ಆಗಲೇಬೇಕು. ನನ್ನ ನಕ್ಷೆ ಹೀಗಿದೆ. ಮೊದಲ ದಿನ ಕಲಬುರಗಿಯಿಂದ ಕಡಗಂಚಿ ಮೇಲೆ ಆಳಂದ: ವಾಯವ್ಯ ದಿಕ್ಕು, ಗಾಳಿ ಎಡಗೆನ್ನೆಗೆ. ಎರಡನೆಯ ದಿನ ಆಳಂದದಿಂದ ದಕ್ಷಿಣಕ್ಕೆ ಅಫಜಲಪುರ: ಗಾಳಿ ಪೂರ್ತಿ ಬಲದಿಂದ, ರೇಸ್ ಒಡೆಯುವುದು ಇಲ್ಲೇ. ಮೂರನೆಯ ದಿನ ಅಫಜಲಪುರ ಬಿಟ್ಟು, ಭೀಮೆ ದಾಟಿ ಜೇವರ್ಗಿ: ಗಾಳಿ ಬೆನ್ನಿಗೆ, ಬ್ರೇಕ್ ಹಾರಿಹೋಗುವ ವೇಗ. ಅಲ್ಲಿಂದ ಉತ್ತರಕ್ಕೆ ತಿರುಗಿ ಕಟ್ಟಿಸಂಗಾವಿ ಸೇತುವೆ ಮೇಲೆ ಕಲಬುರಗಿ: ಗಾಳಿ ಎಡದಿಂದ, ಕೊನೆಯ ಸುಮಾರು 40 ಕಿ.ಮೀ.ನಲ್ಲಿ ಇನ್ನೊಮ್ಮೆ ಓರೆಸಾಲು.

ಇದಕ್ಕೆ ಸ್ಟೇಡಿಯಂ ಬೇಕಿಲ್ಲ, ವೆಲೊಡ್ರೋಮ್ ಬೇಕಿಲ್ಲ. ಮೂರು ಬೆಳಗಿನ ಮಟ್ಟಿಗೆ ವಾಹನ ತಡೆದ ರಸ್ತೆ, ಒಂದು ಆಂಬುಲೆನ್ಸ್, ಸಮಯ ಹಿಡಿಯುವವರು, ಊರೂರಿನ ತಂಡಗಳು ಇದ್ದರೆ ಸಾಕು. ಗಾಳಿ ಆಷಾಢದಲ್ಲಿ ಪುಕ್ಕಟೆ ಬರುತ್ತದೆ. ಗೆದ್ದವನ ಹೆಸರು ಮೊದಲ ಸಂಜೆಗೇ ಮುಗಿಯದೆ, ಎರಡು ರಾತ್ರಿ ಹುಡುಗರು ನಾಳೆಯ ಲೆಕ್ಕ ಹಾಕುತ್ತ ಮಲಗುವಂತಾಗಬೇಕು. ಆ ಲೆಕ್ಕ ಕಲಿತ ಸವಾರನನ್ನು ಯಾವ ದೇಶದ ತಂಡವೂ ಬೇಡವೆನ್ನುವುದಿಲ್ಲ.